ಕಲಬುರಗಿಯ ಚಿತ್ರಕಾರ ಎಸ್. ಎಂ. ಪಂಡಿತರು

ಕಲಬುರಗಿ ನಗರಕ್ಕೆ ಬಂದವರು ಕೋಟೆಯನ್ನೂ ಅದರೊಳಗಿನ ಜಾಮಿಯಾ ಮಸೀದಿಯನ್ನೂ ನೋಡುತ್ತಾರೆ. ಶರಣಬಸವೇಶ್ವರರ ದೇವಾಲಯಕ್ಕೂ ಬಂದೇನವಾಜರ ದರ್ಗೆಗೂ ಹೋಗಿ ಕೈಮುಗಿದು ಬರುತ್ತಾರೆ. ಸಭೆ, ನಾಟಕ, ಬಹುಮಾನ ವಿತರಣೆ ಎಂದು ಬಂದವರಂತೂ ಡಾ. ಎಸ್. ಎಂ. ಪಂಡಿತ್ ರಂಗಮಂದಿರದ ಮೆಟ್ಟಿಲನ್ನು ಒಮ್ಮೆಯಾದರೂ ಹತ್ತಿಯೇ ಇರುತ್ತಾರೆ. ಕೆಲವು ವರ್ಷಗಳ ಹಿಂದೆ ಕಮಲಾಪುರದಿಂದ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಯ ಭಾಷಣ ಸ್ಪರ್ಧೆಯೊಂದಕ್ಕೆ ಹೋಗಿದ್ದೆನು. ಹಿಂದಿರುಗುವಾಗ ಬಸ್ಸಿನಲ್ಲಿ, ಆ ಮಂದಿರಕ್ಕೆ ಯಾರ ಹೆಸರನ್ನಿಟ್ಟಿದ್ದಾರೆಂದು ಮಕ್ಕಳನ್ನು ಕೇಳಿದೆನು. ಒಬ್ಬನು ನಾಟಕಕಾರರೆಂದನು, ಒಬ್ಬಳು ಸಂಗೀತಗಾರರೆಂದಳು, ಇನ್ನೊಬ್ಬನು ಯಾರೋ ಮಂತ್ರಿಗಳಾಗಿದ್ದಿರಬೇಕೆಂದು ಊಹಿಸಿದನು. ಚಿತ್ರಕಾರರೆಂದು ಒಬ್ಬರೂ ಹೇಳಲಿಲ್ಲ. ಅವರನ್ನು ಆಕ್ಷೇಪಿಸುವ ಅಧಿಕಾರ ನನಗಿರಲಿಲ್ಲ. ಅವರ ವಯಸ್ಸಿನಲ್ಲಿ ನಾನೂ ಅಷ್ಟೇ ಅಜ್ಞನಾಗಿದ್ದೆನು. ವಿದ್ವತ್ ಪರೀಕ್ಷೆಯನ್ನು ಮುಗಿಸಿದ ಮೇಲಂತೂ ಅಜ್ಞಾನಕ್ಕೆ ತಾತ್ಸಾರವೂ ಕೂಡಿಕೊಂಡಿತ್ತು. ಈ ಲೇಖನವನ್ನು ಬರೆಯಲು ಅದೂ ಒಂದು ಕಾರಣ.

ಕಮಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ರಾಧಾಕೃಷ್ಣರ ಒಂದು ಚಿತ್ರಪಟವಿದ್ದಿತು. ಅದು ಮೂಲತಃ ಕ್ಯಾಲೆಂಡರು. ವರ್ಷ ಮುಗಿದೊಡನೆ ಕೆಳಗಿನ ತಾರೀಖಿನ ಹಾಳೆಗಳನ್ನು ಕಿತ್ತು, ಮೇಲಿನ ಚಿತ್ರಕ್ಕೆ ಗಾಜು ಹಾಕಿಸಿ ಮೊಳೆಗೆ ತೂಗುಹಾಕಿದ್ದರು. ಚಿತ್ರದಡಿಯಲ್ಲಿ ಬಾಳೆಯ ವ್ಯಾಪಾರಿಯೊಬ್ಬರ ಅಂಗಡಿಯ ಹೆಸರು ಹಾಗೆಯೇ ಉಳಿದಿದ್ದಿತು. ನಮ್ಮೂರಿನ ಕೆಂಪು ಬಾಳೆ ಪ್ರಸಿದ್ಧವಾದುದರಿಂದ ಅದರ ವ್ಯಾಪಾರಿಗಳು ಪ್ರತಿವರ್ಷವೂ ಗಿರಾಕಿಗಳಿಗೆ ಕ್ಯಾಲೆಂಡರು ಹಂಚುವುದು ವಾಡಿಕೆ. ಚಿತ್ರದ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರಗಳ ಒಂದು ಸಹಿ. ಅಕ್ಷರ ಕೂಡಿಸಿ ಓದಲು ಬಂದ ಮೇಲೆ ಅದು ಎಸ್. ಎಂ. ಪಂಡಿತ್ ಎಂದು ತಿಳಿಯಿತು. ಆಗ ಶಾಲೆಗಳಲ್ಲಿ ಕನ್ನಡ ಹೇಳುವ ಗುರುಗಳಿಗೆ ಪಂಡಿತರೆಂದೇ ಹೆಸರು. ಆದುದರಿಂದ ಯಾವುದೋ ಊರಿನ ಕನ್ನಡ ಪಂಡಿತರು ಬಿಡುವಿನ ವೇಳೆಯಲ್ಲಿ ಈ ಚಿತ್ರವನ್ನು ಬರೆದಿದ್ದಾರೆಂದು ಬಹುಕಾಲ ನಂಬಿದ್ದೆನು. ಆ ಪಂಡಿತರು ನಮ್ಮೂರಿನಿಂದ ಒಂದು ಗಂಟೆಯ ಪ್ರಯಾಣದಷ್ಟು ದೂರದಲ್ಲಿ, ಕಲಬುರಗಿಯಲ್ಲಿಯೇ, ಬದುಕಿದ್ದು ಚಿತ್ರ ಬರೆಯುತ್ತಿದ್ದರೆಂಬುದನ್ನು ನನಗೆ ಯಾರೂ ಹೇಳಲಿಲ್ಲ.

ಸಾಂಬಾನಂದ ಮೋನಪ್ಪ ಪಂಡಿತರು ಕಲಬುರಗಿಯಲ್ಲಿ ೧೯೧೬ನೆಯ ಇಸವಿ ಮಾರ್ಚ್ ೨೫ರಂದು ಜನಿಸಿದರು. ತಂದೆಯವರ ಮೋನಪ್ಪ ಎಂಬ ಹೆಸರು ನಮ್ಮ ಭಾಗದವರಿಗೆ ಕಿವಿಗೆ ಬಿದ್ದೊಡನೆ ಪರಿಚಯವಾಗುವಂಥದು. ಕೃಷ್ಣಾ ತೀರದ ತಿಂಥಣಿಯ ಮೋನೇಶ್ವರನಿಗೆ ನಡೆದುಕೊಳ್ಳುವ ಮನೆತನಗಳಲ್ಲಿ ಮಗುವಿಗೆ ಈ ಹೆಸರನ್ನಿಡುವುದು ರೂಢಿ. ಆ ದಿನಗಳಲ್ಲಿ ಕಲಬುರಗಿಯು ಗುಲಬರ್ಗಾ ಎಂಬ ಹೆಸರಿನಿಂದ ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿದ್ದಿತು. ಆಡಳಿತವೂ ಶಿಕ್ಷಣವೂ ಉರ್ದುವಿನಲ್ಲಿ ನಡೆಯುತ್ತಿದ್ದುವು. ಕನ್ನಡ ಕಲಿಯುವವನಿಗೇ ಪುಸ್ತಕ ದುರ್ಲಭವಾಗಿದ್ದ ಆ ಕಾಲದಲ್ಲಿ ಚಿತ್ರ ಕಲಿಯಬೇಕೆಂಬ ಹುಡುಗನಿಗೆ ಎಂಥ ಅನುಕೂಲವಿದ್ದೀತು? ಆದರೂ ಊರಿನಲ್ಲಿ ಒಬ್ಬ ಗುರುಗಳಿದ್ದರು, ಶಂಕರರಾವ್ ಆಳಂದಕರರು. ಬಾಲಕ ಸಾಂಬಾನಂದನಿಗೆ ರೇಖೆಯ ಮೊದಲ ಪಾಠ ದೊರೆತುದು ಅವರಿಂದಲೇ. ಕಲಬುರಗಿಯ ಚಿತ್ರಕಲೆಯ ವಿಷಯವನ್ನು ಬರೆಯುವವರು ಪಂಡಿತರಿಂದ ಪ್ರಾರಂಭಿಸುವುದುಂಟು. ನ್ಯಾಯವಾಗಿ ಪ್ರಾರಂಭಿಸಬೇಕಾದುದು ಆಳಂದಕರರಿಂದ.

ಕಲಬುರಗಿಗೆ ಒಂದು ಭಾಗ್ಯವಿದ್ದಿತು. ಮುಂಬಯಿಗೂ ಮದರಾಸಿಗೂ ನಡುವಿನ ರೈಲುದಾರಿ ೧೮೭೧ರಲ್ಲಿಯೇ ಈ ಊರಿನ ಮೇಲಿಂದ ಹಾದುಹೋಗಿದ್ದಿತು. ಆಳಂದಕರರಲ್ಲಿ ಕಲಿಯಬಹುದಾದುದನ್ನು ಕಲಿತ ತರುಣನು ಆ ದಾರಿಯಲ್ಲಿ ಮೊದಲು ಮದರಾಸಿನತ್ತ ಹೋದನು. ಅನಂತರ ಅದೇ ಕಂಬಿಗಳ ಮೇಲೆ ವಿರುದ್ಧ ದಿಕ್ಕಿಗೆ, ಮುಂಬಯಿಗೆ, ಹೋದನು. ಮದರಾಸಿನ ಸರಕಾರಿ ಕಲಾಶಾಲೆಯಲ್ಲಿ ಆಗ ಪ್ರಾಚಾರ್ಯರಾಗಿದ್ದವರು ವಂಗದೇಶದ ಶಿಲ್ಪಿ ದೇವಿಪ್ರಸಾದ ರಾಯಚೌಧುರಿಯವರು. ಪಂಡಿತರು ಅಲ್ಲಿ ಡಿಪ್ಲೊಮಾ ಪಡೆದರು. ಮುಂಬಯಿಯಲ್ಲಿ ಅವರಿಗೆ ಆಶ್ರಯವಾದುದು ಕನ್ನಡ ನಾಡಿನವರೇ ಆದ ಜಿ. ಎಸ್. ದಂಡಾವತಿಮಠರು ನಡೆಸುತ್ತಿದ್ದ ನೂತನ ಕಲಾಮಂದಿರ. ಈ ಸಂಸ್ಥೆಯ ಹೆಸರನ್ನು ನಾವು ಮರೆಯಬಾರದು. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಬಂದ ಕೆ. ಕೆ. ಹೆಬ್ಬಾರರೂ ಇಲ್ಲಿಯೇ ಕಲಿತರು. ಪರಸ್ಥಳದಲ್ಲಿ ಗುರುವೊಬ್ಬರು ತೆರೆದ ಒಂದು ಚಿಕ್ಕ ಪಾಠಶಾಲೆಯಿಂದ ಕನ್ನಡ ನಾಡಿನ ಇಬ್ಬರು ದೊಡ್ಡ ಚಿತ್ರಕಾರರು ಹೊರಬಂದರು. ಮುಂದೆ ಅವರಿಬ್ಬರ ದಾರಿಗಳು ಬೇರೆ ಬೇರೆಯಾದುವು. ಒಬ್ಬರ ಚಿತ್ರಗಳು ಕಲಾಶಾಲೆಗಳ ಗೋಡೆಯನ್ನೇರಿದುವು, ಮತ್ತೊಬ್ಬರವು ಅಂಗಡಿ ಮನೆಗಳ ಗೋಡೆಯನ್ನು.

ಕಲಾಮಂದಿರದಿಂದ ಪಂಡಿತರು ಸರ್ ಜೆ. ಜೆ. ಕಲಾಶಾಲೆಗೆ ಬಂದರು. ಗ್ಲಾಡ್‌ಸ್ಟನ್ ಸಾಲೊಮನ್ ಎಂಬ ಆಂಗ್ಲ ಅಧಿಕಾರಿಗಳ ನೇತೃತ್ವದಲ್ಲಿ ಆ ಶಾಲೆಯು ಜೀವಂತ ಮಾನವಾಕೃತಿಯನ್ನು ಎದುರಿಗಿರಿಸಿಕೊಂಡು ಚಿತ್ರ ಬರೆಯುವ ಅಭ್ಯಾಸಕ್ಕೆ ಪ್ರಾಶಸ್ತ್ಯ ಕೊಟ್ಟಿದ್ದಿತು. ತೋಳು ಮಡಚಿದಾಗ ಸ್ನಾಯು ಎಲ್ಲಿ ಉಬ್ಬುತ್ತದೆ, ಕತ್ತು ತಿರುಗಿಸಿದಾಗ ಎಲುಬು ಎಲ್ಲಿ ತೋರುತ್ತದೆ ಎಂಬುದನ್ನು ಕಣ್ಣಿಟ್ಟು ಕಲಿಯದವನಿಗೆ ಅಲ್ಲಿ ಉತ್ತೀರ್ಣತೆ ಇರಲಿಲ್ಲ. ಪಂಡಿತರು ಮುಂದೆ ಬರೆದ ಪೌರಾಣಿಕ ವೀರರ ಎದೆ, ಭುಜಗಳನ್ನು ನೋಡಿದವರಿಗೆ ಈ ಅಭ್ಯಾಸದ ಬೇರು ಎಲ್ಲಿದೆಯೆಂದು ಹೇಳಬೇಕಾಗಿಲ್ಲ.

ವಿದ್ಯೆ ಮುಗಿಯಿತು, ಹೊಟ್ಟೆಯ ಪ್ರಶ್ನೆ ಉಳಿಯಿತು. ರಾಜರ ಆಶ್ರಯವಿಲ್ಲದ, ಚಿತ್ರವನ್ನು ಕೊಳ್ಳುವ ಗೃಹಸ್ಥರೂ ವಿರಳವಾಗಿದ್ದ ಆ ಕಾಲದಲ್ಲಿ ಚಿತ್ರಕಾರನಿಗೆ ಅನ್ನ ಕೊಡಬಲ್ಲುದಾಗಿದ್ದುದು ಒಂದೇ, ಸಿನಿಮಾ. ೧೯೩೮ರಲ್ಲಿ ಮುಂಬಯಿಯ ಧೋಬಿ ತಲಾವಿನ ಬಳಿ ಮೆಟ್ರೊ ಚಿತ್ರಮಂದಿರ ತೆರೆಯಿತು. ಅಮೆರಿಕದ ಮೆಟ್ರೊ ಗೋಲ್ಡ್‌ವಿನ್ ಮೇಯರ್ ಕಂಪನಿಯವರು ಕಟ್ಟಿಸಿದುದು. ಬರಲಿರುವ ಚಿತ್ರಗಳ ಸೊಬಗನ್ನು ಪ್ರೇಕ್ಷಕರಿಗೆ ಮುಂಚಿತವಾಗಿ ತೋರಿಸಲು ಅಲ್ಲಿ ಕೈಯಿಂದ ಬರೆದ ಪ್ರದರ್ಶನ ಫಲಕಗಳು ಬೇಕಾಗಿದ್ದುವು. ರತನ್ ಬಾತ್ರಾ ಎಂಬವರ ಸ್ಟುಡಿಯೊದಲ್ಲಿ ಪಂಡಿತರು ಈ ಕೆಲಸಕ್ಕೆ ಕೈಯಿಟ್ಟರು.

ಇಲ್ಲಿ ಚಿತ್ರಕಾರರ ಕೈಕೆಲಸದ ವಿಷಯವನ್ನು ತುಸು ವಿಸ್ತರಿಸುವುದನ್ನು ವಾಚಕರು ಸಹಿಸಬೇಕು. ತೈಲವರ್ಣವು ಒಣಗಲು ದಿನಗಳು ಬೇಕು. ಚಿತ್ರ ಬದಲಾಗುವ ಶುಕ್ರವಾರ ಕಾಯುವುದಿಲ್ಲ. ತೆಳುವಾದ ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕಾದುದರಿಂದ ಒಮ್ಮೆ ಬಣ್ಣ ಬಿದ್ದ ಎಡೆಯಲ್ಲಿ ಬೆಳಕನ್ನು ಮರಳಿ ತರುವುದು ಕಷ್ಟ. ಪೋಸ್ಟರ್ ಬಣ್ಣವೆಂದು ನಮ್ಮ ಮಕ್ಕಳು ಇಂದು ಶೀಸೆಗಳಲ್ಲಿ ಕೊಳ್ಳುವ ದಪ್ಪ ಬಣ್ಣದಲ್ಲಿ ಹಾಗಲ್ಲ. ಅದು ಬೇಗನೆ ಒಣಗುತ್ತದೆ. ಕಪ್ಪಿನ ಮೇಲೆ ಬಿಳಿಯನ್ನಿಟ್ಟರೂ ನಿಲ್ಲುತ್ತದೆ. ಮೊದಲು ಕತ್ತಲೆಯನ್ನು ಹರಡಿ, ಕೊನೆಗೆ ಕೂದಲಂಚಿಗೆ, ಭುಜದ ಏಣಿಗೆ, ತುಟಿಯ ತೇವಕ್ಕೆ ಬೆಳಕನ್ನು ಇಡಬಹುದು. ಇದನ್ನು ಪಂಡಿತರು ಸಿದ್ಧಿಮಾಡಿಕೊಂಡರು. ಅಮೆರಿಕದ ಚಿತ್ರಗಳಲ್ಲಿ ನಟನಟಿಯರ ಬೆನ್ನ ಹಿಂದಿನಿಂದ ದೀಪ ಹಾಯಿಸಿ ಅವರ ಮೈಯಂಚು ಬೆಳಗುವಂತೆ ಮಾಡುವ ಉಪಾಯವೊಂದಿದ್ದಿತು. ಆ ಬೆಳಕನ್ನು ಅವರು ಕುಂಚಕ್ಕೆ ಇಳಿಸಿಕೊಂಡರು. ಮುಂದೆ ರಾಧೆಗೂ ದಮಯಂತಿಗೂ ಅದೇ ಬೆಳಕು ಸಂದಿತು.

೧೯೩೫ರಲ್ಲಿ ಬಾಬುರಾವ್ ಪಟೇಲರು ಪ್ರಾರಂಭಿಸಿದ ಫಿಲ್ಮ್ ಇಂಡಿಯಾ ಎಂಬ ಮಾಸಪತ್ರಿಕೆಯು ಆ ದಿನಗಳಲ್ಲಿ ಸಿನಿಮಾ ಲೋಕಕ್ಕೆ ದೊಡ್ಡ ಪ್ರಮಾಣವಾಗಿದ್ದಿತು. ಅದರ ಮುಖಪುಟಗಳಿಗೆ ಪಂಡಿತರು ಚಿತ್ರ ಬರೆದರು. ೧೯೪೦ರ ದಶಕದಲ್ಲಿ ತಮ್ಮದೇ ಹೆಸರಿನ ಸ್ಟುಡಿಯೊ ತೆರೆದರು. ಹಿಂದಿ ಚಿತ್ರಗಳ ಭಿತ್ತಿಪತ್ರಗಳು ಅವರ ಕೈಯಿಂದ ಹೊರಟುವು. ೧೯೪೯ರಲ್ಲಿ ತೆರೆಕಂಡ ರಾಜ್ ಕಪೂರರ ಬರಸಾತ್ ಚಿತ್ರದ ಭಿತ್ತಿಪತ್ರವು ಅವುಗಳಲ್ಲಿ ಹೆಸರಾಂತದು. ರಘುವೀರ ಮುಳಗಾಂವಕರ ಎಂಬ ಮತ್ತೊಬ್ಬ ಚಿತ್ರಕಾರರ ಹೆಸರನ್ನೂ ಈ ರಂಗದಲ್ಲಿ ಪಂಡಿತರ ಹೆಸರಿನೊಡನೆ ಹೇಳುವುದು ವಾಡಿಕೆ. ಮುಂಬಯಿಯ ಬೀದಿಯಲ್ಲಿ ನಡೆಯುವವನು ತಲೆಯೆತ್ತಿದರೆ ಈ ಇಬ್ಬರಲ್ಲಿ ಒಬ್ಬರ ಚಿತ್ರ ಕಣ್ಣಿಗೆ ಬೀಳುತ್ತಿದ್ದ ಕಾಲ ಅದು.

ಅದೇ ನಗರದಲ್ಲಿ, ಅವೇ ವರ್ಷಗಳಲ್ಲಿ, ಇನ್ನೊಂದು ಬಗೆಯ ಕಲೆಯೂ ಹುಟ್ಟುತ್ತಿದ್ದಿತು. ೧೯೪೭ರಲ್ಲಿ ಸೂಜಾ, ರಜಾ, ಹುಸೇನ್, ಆರಾ ಮೊದಲಾದವರು ಪ್ರಗತಿಶೀಲ ಕಲಾವಿದರ ಕೂಟವನ್ನು ಕಟ್ಟಿದರು. ಕಂಡುದನ್ನು ಕಂಡಂತೆ ಬರೆಯುವುದು ಕಲೆಯಲ್ಲವೆಂಬ ವಾದ ಬಲಗೊಂಡಿತು. ವಿಮರ್ಶಕರು ಅತ್ತ ತಿರುಗಿದರು. ಪಂಡಿತರ ಕೆಲಸಕ್ಕೆ ವಾಣಿಜ್ಯ ಕಲೆಯೆಂಬ ಹೆಸರಾಯಿತು; ಕ್ಯಾಲೆಂಡರು ಚಿತ್ರವೆಂಬುದು ಒಂದು ಬೈಗುಳವೇ ಆಯಿತು. ವಿಚಿತ್ರವೆಂದರೆ ಆ ಕೂಟದ ಹುಸೇನರು ಹಿಂದೆ ಹೊಟ್ಟೆಪಾಡಿಗಾಗಿ ಸಿನಿಮಾ ಫಲಕಗಳನ್ನೇ ಬರೆದವರು. ಅವರು ಆ ಕೆಲಸವನ್ನು ಬಿಟ್ಟು ಹೊರಟರು. ಪಂಡಿತರು ಅದರಲ್ಲಿಯೇ ನಿಂತು ಅದನ್ನು ಎತ್ತರಿಸಲು ಹವಣಿಸಿದರು. ಯಾರ ದಾರಿ ಮೇಲು ಎಂಬ ತೀರ್ಪು ನನ್ನಂಥವನದಲ್ಲ. ಆದರೆ ಪಂಡಿತರ ಚಿತ್ರಗಳನ್ನು ನೋಡಿದವರ ಸಂಖ್ಯೆಯ ಎದುರಿಗೆ ಕಲಾಪ್ರದರ್ಶನಗಳಿಗೆ ಹೋದವರ ಸಂಖ್ಯೆ ಎಷ್ಟರದು?

ಚಿತ್ರವು ಜನರ ಮನೆಗೆ ಬರುವ ದಾರಿಯನ್ನು ಮೊದಲು ತೆರೆದವರು ರಾಜಾ ರವಿವರ್ಮರು. ೧೮೯೪ರಲ್ಲಿ ಅವರು ಮುಂಬಯಿಯಲ್ಲಿ ಮುದ್ರಣಾಲಯ ಹಾಕಿ ದೇವದೇವಿಯರ ಚಿತ್ರಗಳನ್ನು ಕಲ್ಲಚ್ಚಿನಲ್ಲಿ ಅಚ್ಚುಹಾಕಿಸಿದರು. ಆಗ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲನ್ನು ಸಿದ್ಧಪಡಿಸಬೇಕಾಗಿದ್ದಿತು. ಪಂಡಿತರ ಕಾಲಕ್ಕೆ ಹಳದಿ, ಕೆಂಪು, ನೀಲಿ, ಕಪ್ಪು ಎಂಬ ನಾಲ್ಕು ಬಣ್ಣಗಳ ಸಣ್ಣ ಚುಕ್ಕೆಗಳಿಂದ ಇಡೀ ಚಿತ್ರವನ್ನು ಮೂಡಿಸುವ ವಿಧಾನ ಬಂದಿದ್ದಿತು. ತಮಿಳುನಾಡಿನ ಶಿವಕಾಶಿಯಲ್ಲಿ ಯಂತ್ರಗಳು ಹಗಲಿರುಳು ತಿರುಗಿ ಲಕ್ಷಗಟ್ಟಲೆ ಪ್ರತಿಗಳನ್ನು ಹೊರಹಾಕುತ್ತಿದ್ದುವು. ಪ್ರಕಾಶಕರು ಚಿತ್ರದ ಕೆಳಗೆ ಒಂದಿಷ್ಟು ಬರಿಯ ಜಾಗ ಬಿಟ್ಟು ಮಾದರಿಗಳನ್ನು ಊರೂರಿಗೆ ಕಳುಹಿಸುವರು. ವ್ಯಾಪಾರಿಯು ಮೆಚ್ಚಿದುದರ ಮೇಲೆ ತನ್ನ ಅಂಗಡಿಯ ಹೆಸರನ್ನು ಮುದ್ರಿಸಿಕೊಂಡು ಹಂಚುವನು. ಮುಂಬಯಿಯಲ್ಲಿ ಬರೆದ ರಾಧಾಕೃಷ್ಣರು ಬಾಳೆ ವ್ಯಾಪಾರಿಯ ಹೆಸರನ್ನು ಹೊತ್ತು ಕಮಲಾಪುರದ ನಮ್ಮ ಪಡಸಾಲೆಗೆ ಬಂದುದು ಹೀಗೆ. ಚಿತ್ರ ಬರೆದವರ ಮನೆ ಪಕ್ಕದ ಊರಿನಲ್ಲಿದ್ದರೂ ಚಿತ್ರವು ಅರ್ಧ ದೇಶ ಸುತ್ತಿ ಬರಬೇಕಾಯಿತು.

ನನ್ನ ತಾತ್ಸಾರದ ವಿಷಯ ಹೇಳಿದೆನಷ್ಟೆ. ಅಲಂಕಾರಶಾಸ್ತ್ರದೊಡನೆ ಚಿತ್ರದ ಷಡಂಗಗಳನ್ನೂ ನಮಗೆ ಪಾಠ ಹೇಳಿದ್ದರು. ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ ಎಂಬ ಆರನ್ನು ಕಂಠಪಾಠ ಮಾಡಿದ್ದೆವೇ ಹೊರತು ಅವುಗಳಿಗೆ ಉದಾಹರಣೆಯಾಗಿ ಒಂದು ಚಿತ್ರವನ್ನೂ ಎದುರಿಗಿಟ್ಟು ನೋಡಿರಲಿಲ್ಲ. ಗೋಡೆಯ ಮೇಲಿದ್ದುದು ಚಿತ್ರವೆಂದು ನಮಗೆ ತೋರಲೇ ಇಲ್ಲ. ಉಪಾಧ್ಯಾಯನಾದ ಮೇಲೆ ಒಮ್ಮೆ ಕನಕದಾಸರ ನಳಚರಿತ್ರೆಯನ್ನು ಪಾಠ ಹೇಳುತ್ತಿದ್ದೆನು. ದಮಯಂತಿಯ ರೂಪವನ್ನು ಉಪಮಾನಗಳಿಂದ ವರ್ಣಿಸುತ್ತ, ನೀವು ಅವಳನ್ನು ಹೇಗೆ ಕಲ್ಪಿಸಿಕೊಳ್ಳುವಿರಿ ಎಂದು ಕೇಳಿದಾಗ ಹುಡುಗರು ವರ್ಣಿಸಿದುದು ಕವಿಯ ದಮಯಂತಿಯನ್ನಲ್ಲ, ಕ್ಯಾಲೆಂಡರಿನ ದಮಯಂತಿಯನ್ನು. ಆ ಸೆರಗಿನ ಬಣ್ಣವನ್ನು ಸಹ ಒಬ್ಬನು ಹೇಳಿದನು. ನನಗೆ ಮೊದಲು ಕೋಪ ಬಂದಿತು. ಅನಂತರ, ನನ್ನ ಮನಸ್ಸಿನಲ್ಲಿದ್ದ ದಮಯಂತಿಯೂ ಅವಳೇ ಎಂಬುದು ಹೊಳೆಯಿತು. ನಾಲ್ವತ್ತು ವರ್ಷ ಕಾವ್ಯ ಓದಿದವನ ಕಲ್ಪನೆಗೂ ಅಕ್ಷರ ಬಾರದ ನನ್ನ ಅಜ್ಜಿಯ ಕಲ್ಪನೆಗೂ ರೂಪು ಕೊಟ್ಟವರು ಒಬ್ಬರೇ ಆಗಿದ್ದರು.

ಆಮೇಲೆ ಕಣ್ಣಿಟ್ಟು ನೋಡತೊಡಗಿದೆನು. ನಳ ದಮಯಂತಿಯರು, ವಿಶ್ವಾಮಿತ್ರ ಮೇನಕೆಯರು, ರಾಧಾಕೃಷ್ಣರು ಇವರಿಗೆ ಪ್ರಿಯವಾದ ವಸ್ತುಗಳು. ಪ್ರಮಾಣದಲ್ಲಿ ದೋಷ ಹುಡುಕುವುದು ಕಷ್ಟ. ವರ್ಣಿಕಾಭಂಗದಲ್ಲಿ, ಅಂದರೆ ಬಣ್ಣಗಳನ್ನು ಬೆರೆಸಿ ಒಡೆಯುವ ಕೌಶಲದಲ್ಲಿ, ಅವರಿಗೆ ಸಮನಾದವರು ವಿರಳ. ಋಷಿಯ ಮೈಯ ಒರಟುತನವನ್ನೂ ಅಪ್ಸರೆಯ ಮೈಯ ನುಣುಪನ್ನೂ ಒಂದೇ ಪಟದಲ್ಲಿ, ಒಂದೇ ಬೆಳಕಿನಲ್ಲಿ ತೋರಿಸುವುದು ಸಾಮಾನ್ಯ ಸಾಧನೆಯಲ್ಲ. ಆದರೆ ಮೆಚ್ಚಿಕೆಯ ಭರದಲ್ಲಿ ಸತ್ಯವನ್ನು ಮರೆಮಾಡಲಾಗದು. ರೂಪಭೇದದಲ್ಲಿ ಪಂಡಿತರು ಸೋಲುತ್ತಾರೆಂದು ನನ್ನ ಅಭಿಪ್ರಾಯ. ಅವರ ನಾಯಿಕೆಯರೆಲ್ಲ ಅಕ್ಕತಂಗಿಯರಂತೆ ಕಾಣುವರು. ಆ ಮುಖಗಳಲ್ಲಿ ಬೆಳ್ಳಿತೆರೆಯ ನೆರಳು ಬಿಟ್ಟುಹೋಗುವುದಿಲ್ಲ. ಕಾಡಿನಲ್ಲಿ ಪತಿಯಿಂದ ಅಗಲಿ ಅಲೆಯುವವಳ ಕಷ್ಟಕ್ಕಿಂತ ಅವಳ ಚೆಲುವೇ ಮುಂದೆ ಬಂದು ನಿಲ್ಲುತ್ತದೆ. ರವಿವರ್ಮರ ಹಂಸ ದಮಯಂತಿಯಲ್ಲಿ ಇರುವ ಗೃಹಸ್ಥ ಮನೆಯ ಗಾಂಭೀರ್ಯ ಇಲ್ಲಿಲ್ಲ. ಇಷ್ಟನ್ನು ಹೇಳಿಯೂ, ರವಿವರ್ಮರ ಪುರುಷರು ತೆರೆಯ ಮುಂದೆ ನಿಂತ ನಾಟಕದ ಪಾತ್ರಧಾರಿಗಳಂತೆ ತೋರಿದರೆ ಪಂಡಿತರ ಪುರುಷರಿಗೆ ಕಸುವಿದೆ, ಉಸಿರಿದೆ ಎಂಬುದನ್ನು ಒಪ್ಪಲೇಬೇಕು.

ಆ ಕಸುವು ಸಾರ್ಥಕವಾದ ಚಿತ್ರವೊಂದನ್ನು ಇಲ್ಲಿಯ ಬಹುಮಂದಿ ವಾಚಕರು ಕಂಡಿರುತ್ತಾರೆ. ಕನ್ಯಾಕುಮಾರಿಯ ಬಂಡೆಯ ಮೇಲೆ ವಿವೇಕಾನಂದ ಸ್ಮಾರಕವು ೧೯೭೦ರಲ್ಲಿ ಉದ್ಘಾಟನೆಗೊಂಡಿತು. ಆ ಸ್ಮಾರಕದ ಸಂದರ್ಭದಲ್ಲಿ ಪಂಡಿತರು ಬರೆದ ಸ್ವಾಮಿ ವಿವೇಕಾನಂದರ ಚಿತ್ರವು ದೇಶದಲ್ಲೆಲ್ಲ ಹರಡಿತು. ಎಷ್ಟೋ ಶಾಲೆಗಳ ಗೋಡೆಗಳನ್ನು ಅದು ಅಲಂಕರಿಸಿತು. ಅಲ್ಲಿ ಮೋಹಕ ಬೆಳಕಿಲ್ಲ, ಸಿನಿಮಾದ ನೆರಳಿಲ್ಲ. ಅದನ್ನು ಬರೆದವರು ಬರಸಾತ್ ಚಿತ್ರದ ಭಿತ್ತಿಪತ್ರವನ್ನು ಬರೆದವರೇ ಎಂದರೆ ನಂಬುವುದು ಕಷ್ಟ.

೧೯೬೦ರ ದಶಕದ ಉತ್ತರಾರ್ಧದಲ್ಲಿ ಪಂಡಿತರು ಮುಂಬಯಿಯ ಬದುಕನ್ನು ಬಿಟ್ಟು ಹುಟ್ಟೂರಿಗೆ ಬಂದು ನೆಲಸಿದರು. ಕೀರ್ತಿ ಬಂದೊಡನೆ ಹಳ್ಳಿಯಿಂದ ಪಟ್ಟಣಕ್ಕೆ, ಪಟ್ಟಣದಿಂದ ಮಹಾನಗರಕ್ಕೆ ಹೋಗುವವರನ್ನು ಎಲ್ಲರೂ ನೋಡಿದ್ದೇವೆ. ಅದೇ ಕಂಬಿಯ ಮೇಲೆ ಹಿಂದಿರುಗಿದವರು ಕಡಮೆ. ಅವರು ಹೊರಟಾಗ ಈ ಊರು ನಿಜಾಮರದಾಗಿದ್ದಿತು. ಮರಳಿ ಬಂದಾಗ ೧೯೫೬ರಲ್ಲಿ ಏಕೀಕೃತವಾದ ಕನ್ನಡ ನಾಡಿನ ಭಾಗವಾಗಿದ್ದಿತು. ಇಲ್ಲಿ ಅವರು ಭಿತ್ತಿಪತ್ರದ ಅವಸರವಿಲ್ಲದೆ ಪೌರಾಣಿಕ ವಸ್ತುಗಳ ಮೇಲೆ ತೈಲಚಿತ್ರಗಳನ್ನು ಬರೆದರು. ಎಪ್ಪತ್ತರ ದಶಕದಲ್ಲಿ ಲಂಡನ್ನಿನಲ್ಲಿಯೂ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಗುಲಬರ್ಗಾ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ೧೯೯೩ನೆಯ ಇಸವಿ ಮಾರ್ಚ್ ೩೦ರಂದು, ಎಪ್ಪತ್ತೇಳು ವರ್ಷ ತುಂಬಿ ಐದು ದಿನಗಳಾಗಿದ್ದಾಗ, ಅವರು ದಿವಂಗತರಾದರು. ನಾನು ಅವರನ್ನು ಕಾಣಲಿಲ್ಲ. ಕಲಬುರಗಿಯಲ್ಲಿ ಓದುತ್ತಿದ್ದ ವರ್ಷಗಳಲ್ಲಿ ಹೋಗಿ ನಮಸ್ಕರಿಸಿ ಬರಬಹುದಾಗಿದ್ದಿತು. ಹೋಗಬೇಕೆಂದು ತೋರಲಿಲ್ಲ.

ಈಗ ಕಾಲ ತಿರುಗಿದೆ. ವಾಣಿಜ್ಯ ಕಲೆಯೆಂದು ದೂರವಿಟ್ಟಿದ್ದ ಭಿತ್ತಿಪತ್ರಗಳನ್ನೂ ಮುಖಪುಟಗಳನ್ನೂ ಸಂಗ್ರಾಹಕರು ಅರಸಿ ಕೊಳ್ಳುತ್ತಿದ್ದಾರೆ. ಪಂಡಿತರ ಮೂಲಚಿತ್ರಗಳು ಹರಾಜುಗಳಲ್ಲಿ ಬೆಲೆ ಪಡೆಯುತ್ತಿವೆ. ವಿದ್ವಾಂಸರು ಕ್ಯಾಲೆಂಡರು ಚಿತ್ರಗಳ ಮೇಲೆ ಗ್ರಂಥಗಳನ್ನು ಬರೆದಿದ್ದಾರೆ. ಆದರೆ ನಮ್ಮ ಊರುಗಳಲ್ಲಿ ಆ ಚಿತ್ರಪಟಗಳು ಒಂದೊಂದಾಗಿ ಮರೆಯಾಗುತ್ತಿವೆ. ದೇವರ ಪಟವನ್ನು ಕಸಕ್ಕೆ ಹಾಕಲು ಮನಸ್ಸು ಬಾರದವರು ಗಾಜೊಡೆದ ಪಟವನ್ನು ಅರಳಿಯ ಕಟ್ಟೆಯ ಮೇಲಿಡುತ್ತಾರೆ, ಇಲ್ಲವೆ ಹರಿಯುವ ನೀರಿಗೆ ಬಿಡುತ್ತಾರೆ. ನಮ್ಮ ಮನೆಯ ರಾಧಾಕೃಷ್ಣರೂ ಹಾಗೆಯೇ ಹೋದರು. ಮನೆಯನ್ನು ಕೆಡವಿ ಕಟ್ಟುವಾಗ ನಾನೇ ಕೆಳಗಿಳಿಸಿದ ಪಟ ಅದು. ಗೆದ್ದಲು ಹಿಡಿದಿದ್ದ ಚೌಕಟ್ಟನ್ನು ನೋಡಿದೆನೇ ಹೊರತು ಮೂಲೆಯ ಸಹಿಯನ್ನು ನೋಡಲಿಲ್ಲ.

ರಂಗಮಂದಿರದಿಂದ ಹಿಂದಿರುಗಿದ ಮಾರನೆಯ ದಿನ ಆ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟೆನು. ತಮ್ಮ ಮನೆಯಲ್ಲಿ, ನೆರೆಯಲ್ಲಿ, ಅಂಗಡಿಗಳಲ್ಲಿ ಇರುವ ಹಳೆಯ ಚಿತ್ರಪಟಗಳ ಮೂಲೆಗಳನ್ನು ನೋಡಿ ಬನ್ನಿರೆಂದು ಹೇಳಿದೆನು. ವಾರದೊಳಗೆ ಮೂರು ಪಟಗಳು ಪತ್ತೆಯಾದುವು. ಒಂದು ಕ್ಷೌರದ ಅಂಗಡಿಯದು; ಇನ್ನೊಂದು ಒಬ್ಬ ಹುಡುಗಿಯ ಅಜ್ಜಿಯ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿದ್ದು; ಮೂರನೆಯದು ಹಿಟ್ಟಿನ ಗಿರಣಿಯದು. ಗಿರಣಿಯ ಯಜಮಾನರು ಪಟವನ್ನು ಕೊಡಲೊಪ್ಪಲಿಲ್ಲ. ನೋಡಲು ಮಾತ್ರ ಅಡ್ಡಿ ಮಾಡಲಿಲ್ಲ. ಬಸ್ಸಿನಲ್ಲಿ ಮಂತ್ರಿಗಳೆಂದು ಊಹಿಸಿದ್ದ ಹುಡುಗನೇ ಏಣಿ ಹತ್ತಿ ಗಾಜಿನ ಮೇಲಿನ ಹಿಟ್ಟನ್ನು ಅಂಗಿಯ ತೋಳಿನಿಂದ ಒರೆಸಿದನು. ಮೊದಲು ಅಂಗಡಿಯ ಹೆಸರು ಕಂಡಿತು, ಆಮೇಲೆ ಕೃಷ್ಣನ ಪಾದ, ಆಮೇಲೆ ಮೂಲೆಯ ಸಹಿ. ಅವನು ಅದನ್ನು ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದನು.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಅಂತಹ ಪಟಗಳಿದ್ದರೆ, ನೀರಿಗೆ ಬಿಡುವ ಮುನ್ನ ಶಾಲೆಗೆ ತಿಳಿಸಬೇಕಾಗಿ ವಿನಂತಿ. ಚಿತ್ರದ ಕೊಠಡಿಯಲ್ಲಿ ಉತ್ತರದ ಗೋಡೆ ಬರಿದಾಗಿದೆ. ಅಲ್ಲಿ ಬಿಸಿಲು ನೇರವಾಗಿ ಬೀಳುವುದಿಲ್ಲ.